ತಲೆ ಎಣಿಸೋ ಕೆಲಸ
(ಗಂಗಾವತಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಕರಪತ್ರದಲ್ಲಿ ನನ್ನ ಹೆಸರಿನ ಕೆಳಗೆ ‘ಈಜು ತರಬೇತುದಾರರು’ ಅಂತ ಹಾಕಿದ್ದೀರಿ. ಇರಲಿ ಬಿಡ್ರಿ. ನಾನು ಕಲಿಸೋದು ಸರ್ಫಿಂಗ್, ಅಂದರೆ ಬೋರ್ಡು ಅನ್ನೋ ಉದ್ದ ಹಲಗೆಯ ಮೇಲೆ ನಿಂತು ಕಡಲ ತೆರೆ ಸವಾರಿ ಮಾಡೋದು. ಸರ್ಫಿಂಗ್ ಅಂತ ಹಾಕಿದ್ದರೆ ಅರ್ಧ ಜನ ಬಟ್ಟೆ ಸೋಪಿನ ಪ್ರಚಾರ ಅಂದುಕೊಳ್ತಿದ್ದರು. ನಮ್ಮವ್ವ ಇವತ್ತಿಗೂ ಓಣಿಯವರಿಗೆ ‘ನನ್ನ ಮಗ ಮಂಗಳೂರ ಕಡೆ ಸರ್ಫಿನ ಕೆಲಸಕ್ಕ ಅದಾನ’ ಅಂತಾಳೆ. ಕೇಳಿದವರು ಪೌಡರ್ ಕಂಪನಿ ಇರಬೇಕು ಅಂತ ಪಗಾರ ವಿಚಾರಿಸ್ತಾರೆ.

ನಾನು ಸಾಣಾಪುರದ ಕಡೆಯವನು. ಅಪ್ಪ ಹರಿಗೋಲು ಹಾಕ್ತಿದ್ದರು. ಹತ್ತು ವರ್ಷದವನಿದ್ದಾಗಲೇ ನನ್ನ ಕೈಗೆ ಹುಟ್ಟು ಬಂದಿತ್ತು. ತುಂಗಭದ್ರೆಯ ಮಡು ಎಲ್ಲಿ, ಸುಳಿ ಎಲ್ಲಿ, ಡ್ಯಾಮಿನಿಂದ ನೀರು ಬಿಟ್ಟರೆ ಯಾವ ಬಂಡೆ ಮೊದಲು ಮುಳುಗುತ್ತೆ, ಇದೆಲ್ಲ ಕಣ್ಣು ಮುಚ್ಚಿ ಹೇಳ್ತಿದ್ದೆ. ಮಂಗಳೂರ ಹತ್ತಿರದ ಮೂಲ್ಕಿಗೆ ಹೋಗಿದ್ದು ಹೋಟೆಲ್ ಕೆಲಸಕ್ಕೆ. ಅಲ್ಲಿ 2004ರಿಂದಲೂ ಮಂತ್ರ ಸರ್ಫ್ ಕ್ಲಬ್ ಇದೆ, ಈ ದೇಶದಲ್ಲಿ ಸರ್ಫಿಂಗ್ ಬೇರೂರಿದ ಜಾಗಗಳಲ್ಲಿ ಅದೂ ಒಂದು. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಶುರುವಾಯ್ತು. ಶಾಂಭವಿ, ನಂದಿನಿ ಎರಡೂ ಹೊಳೆ ಅಲ್ಲೇ ಕೂಡಿ ಕಡಲು ಸೇರ್ತವೆ. ಹೊಳೆ ಕಂಡಿದ್ದೇ ತಡ, ಊರಿಗೇ ಬಂದಂಗಾಯ್ತು. ನನ್ನನ್ನು ಕೆಡಿಸಿದ್ದೂ ಅದೇ.

ಹೆಂಗೆ ಅಂತೀರಾ? ಕಡಲಿಗಿಳಿದ ಮೊದಲ ವಾರ. ಎಡಕ್ಕೆ ತೆರೆ ಒಡೀತಿವೆ, ಬಲಕ್ಕೂ ಒಡೀತಿವೆ, ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನಿದೆ. ಹೊಳೆಯಲ್ಲಿ ನಾವು ದಾಟೋದು ಇಂಥ ಜಾಗದಲ್ಲೇ ಅಲ್ಲವಾ? ಬೋರ್ಡು ಹಿಡಿದು ಅಲ್ಲೇ ಇಳಿದೆ. ಏನೂ ಕಷ್ಟವಿಲ್ಲ, ಕೈ ಆಡಿಸದಿದ್ದರೂ ಒಳಗೊಳಗೆ ಹೋಗ್ತಿದ್ದೀನಿ! ತಿರುಗಿ ನೋಡಿದರೆ ದಡದ ತೆಂಗಿನಮರ ಬೆರಳುದ್ದ ಆಗಿದ್ದವು. ವಾಪಸ್ ಬರೋಣ ಅಂತ ದಡದ ಕಡೆ ಬಡಿದೆ, ಬಡಿದೆ, ರಟ್ಟೆ ಸೋತವು. ಇದ್ದ ಜಾಗ ಬಿಟ್ಟು ಕದಲಲಿಲ್ಲ. ದಡದ ಮೇಲಿದ್ದ ಮೀನುಗಾರರೊಬ್ಬರು ಕೈ ಚಾಚಿ ಪಕ್ಕಕ್ಕೆ, ಪಕ್ಕಕ್ಕೆ ಅಂತ ಸನ್ನೆ ಮಾಡಿದರು. ದಡಕ್ಕೆ ಸಮನಾಗಿ ಐವತ್ತು ಹೆಜ್ಜೆಯಷ್ಟು ಹೋದೆ ನೋಡ್ರಿ, ಸೆಳವು ಬಿಟ್ಟುಬಿಡ್ತು. ಮುಂದೆ ತೆರೆಗಳೇ ನನ್ನನ್ನು ತಂದು ಮರಳಿಗೆ ಎಸೆದವು.

ಇದಕ್ಕೆ ರಿಪ್ ಕರೆಂಟ್ ಅಂತಾರೆ. ಇಲ್ಲಿ ಭತ್ತ ಬೆಳೆಯೋ ಮನೆಯ ಮಕ್ಕಳು ಬಹಳ ಇದ್ದೀರಿ, ನಿಮಗೆ ಬೇಗ ಅರ್ಥವಾಗುತ್ತೆ. ಕಾಲುವೆ ನೀರು ಗದ್ದೆ ತುಂಬಿದೆ, ಒಡ್ಡು ಒಂದು ಕಡೆ ಒಡೀತು ಅಂದರೆ ಇಡೀ ಗದ್ದೆಯ ನೀರು ಅಲ್ಲೇ ನುಗ್ಗುತ್ತಲ್ಲ? ಕಡಲಲ್ಲೂ ಹಾಗೆಯೇ. ತೆರೆಗಳು ಒಂದರ ಮೇಲೊಂದು ನೀರು ತಂದು ದಡಕ್ಕೆ ಸುರೀತವೆ. ಆ ನೀರು ವಾಪಸ್ ಹೋಗಲೇಬೇಕು. ನೀರಿನಡಿ ಮರಳದಿಬ್ಬದಲ್ಲಿ ಸಂದು ಎಲ್ಲಿದೆಯೋ ಅಲ್ಲಿಂದ ಒಟ್ಟಿಗೆ ಕಡಲ ಕಡೆಗೆ ಹರಿಯುತ್ತೆ. ಸಂದಿನಲ್ಲಿ ಆಳ ಹೆಚ್ಚು. ಆಳವಿದ್ದಲ್ಲಿ ತೆರೆ ಒಡೆಯೋದಿಲ್ಲ, ಅದಕ್ಕೇ ಅಲ್ಲಿ ನೀರು ಶಾಂತವಾಗಿ ಕಾಣುತ್ತೆ. ಜೋರಿದ್ದಾಗ ಸೆಕೆಂಡಿಗೆ 2 ಮೀಟರ್ ದಾಟುತ್ತೆ, ಒಲಿಂಪಿಕ್ಸ್ ಈಜುಗಾರನೂ ಎದುರು ಈಜಲಾರ. ಆದರೆ ಅದು ಕೆಳಕ್ಕೆ ಎಳೆಯೋದಿಲ್ಲ, ದಡದಿಂದ ದೂರ ಒಯ್ಯುತ್ತೆ, ಅಷ್ಟೇ. ಗಾಬರಿಯಲ್ಲಿ ಎದುರು ಈಜಿ ದಣಿದವನೇ ಮುಳುಗೋದು. ನುರಿತ ಸರ್ಫರ್‌ಗಳು ಇದೇ ಸೆಳವು ಹತ್ತಿ ಸುಖವಾಗಿ ಒಳಗೆ ಹೋಗ್ತಾರೆ, ಪುಕ್ಕಟೆ ಬಸ್ಸು ಇದ್ದಂಗೆ. ನಾನು ಟಿಕೆಟ್ಟಿಲ್ಲದೆ ಹತ್ತಿದ್ದೆ.

ಆಮೇಲೆ ಎರಡು ವರ್ಷ ಕಲಿತೆ. ಬೋರ್ಡಿನ ಮೇಲೆ ನಿಲ್ಲೋದು ಬಂತು, ತೆರೆಯ ಮೈಮೇಲೆ ಅಡ್ಡ ಹೋಗೋದೂ ಬಂತು. ಇನ್ನು ಕಲಿಸೋದೇನು ಮಹಾ ಅಂತ ಬೋಧಕರ ಕೋರ್ಸಿಗೆ ಸೇರಿದೆ. 1964ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸರ್ಫಿಂಗ್ ಸಂಘಟನೆ ಇದೆ, ಎಲ್ಲರೂ ಐಎಸ್‌ಎ ಅಂತಾರೆ. ಬೋಧಕರಿಗೆ ಅದರ ಮೊದಲ ಹಂತದ ಅರ್ಹತೆ ಲೆವೆಲ್ 1, ಅದಕ್ಕೆ ಹಲವು ದೇಶಗಳಲ್ಲಿ ಮಾನ್ಯತೆ ಇದೆ. ನಮ್ಮಲ್ಲಿ ಸರ್ಫಿಂಗ್ ಫೆಡರೇಷನ್ ಆಫ್ ಇಂಡಿಯಾ ಇಂಥ ಕೋರ್ಸುಗಳನ್ನು ಏರ್ಪಡಿಸುತ್ತೆ. ತರಗತಿ, ಲಿಖಿತ ಪರೀಕ್ಷೆ, ಅರ್ಹತೆ ಇದ್ದ ಬೋಧಕರ ಕಣ್ಣೆದುರು 20 ಗಂಟೆ ಪಾಠ, ಜತೆಗೆ ಜೀವರಕ್ಷಣೆಯ ಪ್ರಮಾಣಪತ್ರ. ತರಗತಿ ಎರಡೇ ದಿನ, ಅದರಲ್ಲಿ ಹೆದರೋದು ಏನೂ ಇಲ್ಲ. ಬೆವರಿಳಿಸಿದ್ದು ಆ 20 ಗಂಟೆ.

ಒಂದು ದಿನ ನನ್ನ ಬಳಿ ಆರು ಜನ ಇದ್ದರು, ಬೆಂಗಳೂರಿನಿಂದ ಬಂದವರು. ಒಬ್ಬ ಬೋಧಕನಿಗೆ ಎಂಟಕ್ಕಿಂತ ಹೆಚ್ಚು ಜನ ಇರಬಾರದು ಅಂತ ನಿಯಮ, ಆರು ಅಂದರೆ ಹಗುರ ಅಂದುಕೊಂಡೆ. ಸೊಂಟಮಟ್ಟದ ನೊರೆನೀರು, ಮೆತ್ತನೆಯ ಫೋಮ್ ಬೋರ್ಡುಗಳು. ಒಬ್ಬಳಿಗೆ ಎದ್ದು ನಿಲ್ಲೋದು ಬರ್ತಿರಲಿಲ್ಲ. ಅವಳ ಕಾಲು ತಿದ್ದುತ್ತಾ, ನಾನೇ ಒಂದೆರಡು ಸಲ ಎದ್ದು ನಿಂತು ತೋರಿಸ್ತಾ ಇದ್ದೆ. ಸ್ವಲ್ಪ ಜಂಬವೂ ಇತ್ತು ಅನ್ನಿ. ದಡದಿಂದ ಮೇಲ್ವಿಚಾರಕರು ಕೇಳಿದರು, ‘ನಿನ್ನವರು ಎಷ್ಟು ಜನ?’ ಎಣಿಸಿದೆ, ಐದು. ಮತ್ತೆ ಎಣಿಸಿದೆ, ಐದೇ. ಹೊಟ್ಟೆಯೊಳಗೆ ಏನೋ ಜಾರಿದಂಗಾಯ್ತು. ಆರನೆಯವನು ತೆಂಗಿನಮರದ ಕೆಳಗೆ ಕೂತು ಎಳನೀರು ಕುಡೀತಿದ್ದ! ನಾನು ನಕ್ಕೆ, ಮೇಲ್ವಿಚಾರಕರು ನಗಲಿಲ್ಲ. ‘ಅವನು ಹೋದದ್ದು ಯಾವಾಗ?’ ಅಂದರು. ಉತ್ತರ ಇರಲಿಲ್ಲ. ಆ ಗಂಟೆಯನ್ನು ಲೆಕ್ಕದಿಂದ ತೆಗೆದರು. ಅವತ್ತು ಸಿಟ್ಟು ಬಂದಿತ್ತು. ಈಗ ನನ್ನ ಕೈಕೆಳಗೆ ಕಲಿಯುವವರ ಗಂಟೆ ನಾನೂ ತೆಗೀತೀನಿ.

ಯಾಕಂದರೆ ಮುಳುಗುವವನು ಕೂಗೋದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುತ್ತೆ, ಉಸಿರಿಗೇ ಪುರುಸೊತ್ತಿಲ್ಲ, ಕೂಗೋದೆಲ್ಲಿಂದ? ಕೈ ಬೀಸಿ ಕರೆಯೋದೂ ಆಗೋದಿಲ್ಲ, ಕೈ ತಾನಾಗಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತೆ. ನೋಡುವವರಿಗೆ ಅವನು ಸುಮ್ಮನೆ ನಿಂತಂಗೆ ಕಾಣುತ್ತೆ.

ಇನ್ನೊಂದು ಮಾತು, ಇದು ಹೊಳೆದಂಡೆಯ ಊರಿನವರಿಗೆ. ನೀರಿನಿಂದ ಎತ್ತಿದವರ ಹೊಟ್ಟೆ ಒತ್ತಿ, ಹೆಗಲ ಮೇಲೆ ಬೋರಲು ಹಾಕಿ ತಿರುಗಿಸಿ ನೀರು ತೆಗೆಯೋದನ್ನು ನಾನು ಚಿಕ್ಕಂದಿನಿಂದ ನೋಡಿದ್ದೀನಿ. ನಮ್ಮಪ್ಪನೂ ಮಾಡಿದ್ದರು. ತಪ್ಪು ಅದು. ಹೊಟ್ಟೆಯ ನೀರು, ಅನ್ನ ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುತ್ತೆ, ಇದ್ದ ಸಮಯವೂ ಹೋಗುತ್ತೆ. ಮುಳುಗಿದವರಿಗೆ ಬೇಕಿರೋದು ಗಾಳಿ. ಉಸಿರು ನಿಂತಿದ್ದರೆ ಮೊದಲು ಬಾಯಿಂದ ಉಸಿರು ಕೊಟ್ಟು, ಆಮೇಲೆ ಎದೆಯನ್ನು 30 ಸಲ ಒತ್ತಿ, 2 ಸಲ ಉಸಿರು ಕೊಡುತ್ತಾ ಹೋಗಬೇಕು, ಆಂಬುಲೆನ್ಸ್ ಬರೋತನಕ. ಇದನ್ನು ಬಾಯಲ್ಲಿ ಹೇಳಿದರೆ ಬರೋದಿಲ್ಲ, ಬೊಂಬೆಯ ಮೇಲೆ ಕೈ ಇಟ್ಟು ಕಲೀಬೇಕು. ಗೋವಾದಲ್ಲಿ ಕೇಂದ್ರ ಸರ್ಕಾರದ ಜಲಕ್ರೀಡಾ ಸಂಸ್ಥೆ ಇದೆ, ಪುಣೆಯಲ್ಲಿ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ ಇದೆ. ಸರ್ಫಿಂಗ್ ಬೋಧಕರಾಗಬೇಕು ಅನ್ನೋರು ಬೋರ್ಡು ಕೊಳ್ಳೋಕೆ ಮೊದಲು ಇಂಥ ಕಡೆ ಹೋಗಿ ಬನ್ನಿ. ಕೊನೆಗೆ ಸರ್ಫಿಂಗ್ ಬೇಡವೆನಿಸಿದರೂ ಸಾಣಾಪುರದಲ್ಲಿ ಹರಿಗೋಲು ಹಾಕೋಕಾದರೂ ಅದು ಬೇಕು.

ಸಂಬಳ ಎಷ್ಟು ಅಂತ ಬರುವಾಗಲೇ ಇಬ್ಬರು ಕೇಳಿದರು. ವಾರಾಂತ್ಯಕ್ಕೆ ಜನ, ವಾರದ ನಡುವೆ ಖಾಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲಿಗೆ ಹೊಸಬರನ್ನು ಇಳಿಸೋಕಾಗದು. ಆ ನಾಲ್ಕು ತಿಂಗಳು ನಾನು ಊರಿಗೆ ಬಂದು ನಾಟಿ ಕೆಲಸ ನೋಡ್ಕೋತೀನಿ.

ವರಾಂಡದಲ್ಲಿ ಎಂಟು ಅಡಿಯ ಬೋರ್ಡು ಇಟ್ಟಿದ್ದೀನಿ. ಮೊದಲ ಪಾಠ ನಾವು ನೀರಲ್ಲಿ ಮಾಡೋದಿಲ್ಲ, ಮರಳ ಮೇಲೇ ಮಾಡೋದು. ಬೋರಲು ಮಲಗಿ, ಅಂಗೈ ಎದೆಯ ಪಕ್ಕ ಊರಿ, ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ಬರ್ರಿ, ಆರು ಜನ ಸಾಕು. ಬಿಗಿ ಪ್ಯಾಂಟಿನವರು ಹಿಂದೆ ನಿಲ್ಲಿ.