ಬ್ರಿಟಿಷ್ ಟ್ಯಾಂಕುಗಳು ಅಷ್ಟು ಕಿರಿದಾಗಿದ್ದುದೇಕೆ? ಜೊತೆಗೆ ನಾಲ್ಕು ಅಂಗುಲದಷ್ಟು ಹಿಗ್ಗಿದ ಒಂದು ಕಾರಿನ ಕಥೆ

ನಮಸ್ಕಾರ. ನಮ್ಮ ವೀಕ್ಷಕರಲ್ಲಿ ಹಲವರು ಬಹಳ ದಿನಗಳಿಂದ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. 1916ರಲ್ಲಿ ಟ್ಯಾಂಕನ್ನು ಮೊತ್ತಮೊದಲು ರಣರಂಗಕ್ಕೆ ಇಳಿಸಿದ ಬ್ರಿಟನ್, ಎರಡನೆಯ ಮಹಾಯುದ್ಧದಲ್ಲಿ ಫಿರಂಗಿಯ ವಿಷಯದಲ್ಲಿ ಜರ್ಮನ್ನರ ಹಿಂದೆ ಏದುಸಿರು ಬಿಡುತ್ತಾ ಓಡಬೇಕಾಯಿತೇಕೆ? ಎಂಜಿನ್ನು, ಹಣ, ಸೇನಾಧಿಕಾರಿಗಳ ಹಠ ಎಂಬ ಕಾರಣಗಳನ್ನು ನೀವು ಈಗಾಗಲೇ ಕೇಳಿರುತ್ತೀರಿ. ಅವು ಸುಳ್ಳಲ್ಲ. ಆದರೆ ನನಗೆ ಅತ್ಯಂತ ಸ್ವಾರಸ್ಯಕರವೆನಿಸಿದ ಕಾರಣ ರೈಲು.

ಚೈನ್ ಪಟ್ಟಿಯ ಮೇಲೆ ಓಡುವ ಉಕ್ಕಿನ ಒಡಲು, ಅದರ ಮೇಲೊಂದು ತಿರುಗುವ ಟರೆಟ್, ಟರೆಟ್ಟಿನಲ್ಲಿ ಫಿರಂಗಿ: ಟ್ಯಾಂಕಿನ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು, ಮುಂದೆ ಹೋಗೋಣ.

ಟ್ಯಾಂಕು ಕಾರ್ಖಾನೆಯಿಂದ ಬಂದರಿಗೆ ರೈಲಿನಲ್ಲಿ ಹೋಗಬೇಕಿತ್ತು. ಬ್ರಿಟನ್ನಿನ ಹಳಿಗಳ ನಡುವಿನ ಅಂತರ ಯುರೋಪಿನ ಬಹುಭಾಗದಲ್ಲಿ ಇರುವಷ್ಟೇ ಇದೆ. ಆದರೆ ಸೇತುವೆ, ಸುರಂಗ, ಪ್ಲಾಟ್‌ಫಾರಂಗಳನ್ನು ಎಲ್ಲರಿಗಿಂತ ಮೊದಲೇ ಕಟ್ಟಿಕೊಂಡ ಕಾರಣ ಅಲ್ಲಿ ಹಳಿಯ ಆಚೀಚೆ ಉಳಿದ ಜಾಗ ಕಡಿಮೆ. ಮೊದಲಿಗರಾದುದಕ್ಕೆ ತೆತ್ತ ದಂಡವೆಂದೇ ಇದನ್ನು ಕರೆಯಬೇಕು. ಜರ್ಮನ್ನರಿಗೂ ಈ ಕಾಟ ತಪ್ಪಿರಲಿಲ್ಲ. ಟೈಗರ್ ಟ್ಯಾಂಕನ್ನು ರೈಲಿಗೆ ಹತ್ತಿಸುವ ಮುನ್ನ ಅಗಲವಾದ ಚೈನ್ ಪಟ್ಟಿಗಳನ್ನು ಬಿಚ್ಚಿ ಕಿರಿದಾದ ಪಟ್ಟಿಗಳನ್ನು ತೊಡಿಸುತ್ತಿದ್ದರು.

ಒಡಲು ಕಿರಿದಾದರೆ ಅದರ ಮೇಲೆ ಕೂರುವ ಟರೆಟ್ಟಿನ ಉಂಗುರವೂ ಕಿರಿದಾಗುತ್ತದೆ. ದೊಡ್ಡ ಫಿರಂಗಿ ಹಾರಿದಾಗ ಹಿಂದಕ್ಕೆ ಒದೆಯಲು ಜಾಗ ಬೇಕು, ಗುಂಡು ತುಂಬುವವನ ಕೈಯಾಡಲೂ ಜಾಗ ಬೇಕು. ನಫೀಲ್ಡ್ ಸಂಸ್ಥೆ ರೂಪಿಸಿದ ಕ್ರುಸೇಡರ್ ಟ್ಯಾಂಕಿನ ಅಗಲ ಸುಮಾರು 2.6 ಮೀಟರ್. ಅದರ ಮೊದಲ ಮಾದರಿಗಳಲ್ಲಿ 40 ಮಿ.ಮೀ.ನ 2 ಪೌಂಡರ್ (ಪೌಂಡಿನಲ್ಲಿ ಗುಂಡಿನ ತೂಕ ಹೇಳುವ ಹೆಸರು) ಫಿರಂಗಿಯೂ ಟರೆಟ್ಟಿನಲ್ಲಿ ಮೂವರೂ ಇದ್ದರು. 1942ರಲ್ಲಿ ಬಂದ ಮೂರನೆಯ ಮಾದರಿಗೆ 57 ಮಿ.ಮೀ.ನ 6 ಪೌಂಡರನ್ನು ತುರುಕಿದಾಗ ಒಬ್ಬನನ್ನು ಕೆಳಗಿಳಿಸಬೇಕಾಯಿತು. ಶತ್ರುವನ್ನು ಹುಡುಕಿ ಆಜ್ಞೆ ಕೊಡಬೇಕಾದ ಕಮಾಂಡರನೇ ಬಗ್ಗಿ ಗುಂಡು ತುಂಬುವ ಕೆಲಸವನ್ನೂ ಮಾಡುವಂತಾಯಿತು.

ಈಗ ಟ್ಯಾಂಕನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ನಿಲ್ಲಿಸೋಣ, ಏಕೆಂದರೆ ಇದೇ ನಫೀಲ್ಡ್ ಬಳಗದ ಮಾರಿಸ್ ಕಾರುಗಳೂ ಇಕ್ಕಟ್ಟಿನಲ್ಲೇ ಬೆಳೆದವು. ಕಾರಿನ ವಾರ್ಷಿಕ ತೆರಿಗೆಯನ್ನು ಲೆಕ್ಕಹಾಕಲು ಬ್ರಿಟಿಷ್ ಸರ್ಕಾರ ಸಿಲಿಂಡರಿನ ಅಗಲವನ್ನು ಮಾತ್ರ ಅಳೆಯುತ್ತಿತ್ತು, ಪಿಸ್ಟನ್ ಓಡಾಡುವ ಉದ್ದವನ್ನು ಕೇಳುತ್ತಲೇ ಇರಲಿಲ್ಲ. ತಯಾರಕರೇನು ಕಡಿಮೆಯವರೇ? ಎಂಜಿನ್ನನ್ನು ಸಪೂರ ಮಾಡಿ ಎತ್ತರಕ್ಕೆ ಬೆಳೆಸಿದರು. 1948ರ ಮಾರಿಸ್ ಮೈನರ್ ಕಾರಿನಲ್ಲಿದ್ದ ಹಳೆಯ 918 ಸಿಸಿ ಎಂಜಿನ್ನಿನ ಸಿಲಿಂಡರ್ 57 ಮಿ.ಮೀ. ಅಗಲವಿದ್ದರೆ ಪಿಸ್ಟನ್ನಿನ ಓಟ 90 ಮಿ.ಮೀ. ಇತ್ತು.

[ತೆರೆಯ ಮೇಲೆ: ಮೈನರ್ ಕಾರಿನ ಮುಂಭಾಗದ ಹತ್ತಿರದ ಚಿತ್ರ]

ಆ ಕಾರಿನ ಒಡಲಿನ ಕಥೆಯಂತೂ ನನಗೆ ಅಚ್ಚುಮೆಚ್ಚು. ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಅವರಿಗೆ ಕೊನೆಯ ಗಳಿಗೆಯಲ್ಲಿ ಕಾರು ಕಿರಿದಾಯಿತೆನಿಸಿತು. ಮಾದರಿಯನ್ನು ನಡುಮಧ್ಯೆ ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ಸ್ವಲ್ಪಸ್ವಲ್ಪವಾಗಿ ದೂರ ಸರಿಸಿ, ಕಣ್ಣಿಗೆ ಒಪ್ಪಿದಲ್ಲಿ ನಿಲ್ಲಿಸಿದರು. ಹೆಚ್ಚಿದ್ದು ನಾಲ್ಕು ಅಂಗುಲ. 57 ಅಂಗುಲದ ಕಾರು 61 ಅಂಗುಲದ್ದಾಯಿತು. ಅಷ್ಟರಲ್ಲಿ ಹಳೆಯ ಅಳತೆಯ ಬಂಪರುಗಳು ತಯಾರಾಗಿದ್ದವು. ಅವನ್ನು ಬಿಸಾಡುವುದುಂಟೇ? ನಡುವೆ ಕತ್ತರಿಸಿ ನಾಲ್ಕು ಅಂಗುಲದ ತಗಡನ್ನು ಕೂಡಿಸಿದರು, ಮೈ ಬೆಳೆದ ಹುಡುಗನ ಅಂಗಿಗೆ ದರ್ಜಿ ಬೇರೆ ಬಟ್ಟೆಯ ಪಟ್ಟಿ ಹಚ್ಚಿ ಅಗಲ ಮಾಡಿದಂತೆ. ಆರಂಭದ ಮೈನರುಗಳಲ್ಲಿ ಆ ತೇಪೆ ಬರಿಗಣ್ಣಿಗೆ ಕಾಣುತ್ತದೆ, ಬಾನೆಟ್ಟಿನ ನಡುವಿನ ಚಪ್ಪಟೆ ಪಟ್ಟಿಯ ಮೂಲವೂ ಅದೇ ನಾಲ್ಕು ಅಂಗುಲ. ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಇಂದಿನ ಕಂಪನಿಗಳಿಗಿಂತ ಆ ಗರಗಸವೇ ಚೆನ್ನಾಗಿ ಕೆಲಸ ಮಾಡಿತೆಂದು ನನ್ನ ಅಭಿಪ್ರಾಯ. 1971ರವರೆಗೆ 16 ಲಕ್ಷಕ್ಕೂ ಹೆಚ್ಚು ಮೈನರುಗಳು ತಯಾರಾದವು.

ಟ್ಯಾಂಕನ್ನು ಹಾಗೆ ಸೀಳಲಾಗದು. ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್ನಿನಿಂದ ಸೂಪರ್‌ಚಾರ್ಜರನ್ನು (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ತೆಗೆದು ರೂಪಿಸಿದ ಮೀಟಿಯರ್ ಎಂಜಿನ್ ಬಂದಾಗ ಶಕ್ತಿಯ ಕೊರತೆಯೇನೋ ನೀಗಿತು, ಆದರೆ ಅದನ್ನು ಹೊತ್ತ ಕ್ರಾಮ್‌ವೆಲ್ ಟ್ಯಾಂಕಿನಲ್ಲೂ ಇನ್ನೂ ದೊಡ್ಡದಾದ 76 ಮಿ.ಮೀ.ನ 17 ಪೌಂಡರ್ ಫಿರಂಗಿ ಹಿಡಿಸಲಿಲ್ಲ. ಅದರ ಮುಂದಿನ ಕಾಮೆಟ್ಟಿಗೆ ಆ ಫಿರಂಗಿಯ ಕುಗ್ಗಿಸಿದ ರೂಪವನ್ನು ಕೊಟ್ಟು ಸಮಾಧಾನಪಟ್ಟರು. 1943ರಲ್ಲಿ ಆರಂಭವಾದ ಸೆಂಚುರಿಯನ್ ವಿನ್ಯಾಸದಲ್ಲಿ ಮಾತ್ರ ಹಳೆಯ ಮಿತಿಗಳನ್ನು ಕೈಬಿಟ್ಟು, ಒಡಲನ್ನು ಸುಮಾರು 3.4 ಮೀಟರಿಗೆ ಅಗಲಿಸಿದರು. ಮೊದಲ ಆರು ಟ್ಯಾಂಕುಗಳು ಬೆಲ್ಜಿಯಂ ತಲುಪಿದ್ದು 1945ರ ಮೇ ತಿಂಗಳಲ್ಲಿ, ಯುರೋಪಿನ ಯುದ್ಧ ಮುಗಿದ ಮೇಲೆ!

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಸೆಂಚುರಿಯನ್ ಮೊದಲು 17 ಪೌಂಡರನ್ನು ಹೊತ್ತಿತು, ಮೂರನೆಯ ಮಾದರಿಯಲ್ಲಿ 84 ಮಿ.ಮೀ.ನ 20 ಪೌಂಡರನ್ನು ಹೊತ್ತು ಕೊರಿಯಾದಲ್ಲಿ ಕಾದಾಡಿತು. 1956ರ ಹಂಗೇರಿಯ ದಂಗೆಯ ವೇಳೆ ಬುಡಾಪೆಸ್ಟಿನ ಬ್ರಿಟಿಷ್ ರಾಯಭಾರ ಕಚೇರಿಯ ಆವರಣಕ್ಕೆ ಸೋವಿಯತ್ ಟಿ-54 ಟ್ಯಾಂಕೊಂದು ಬಂದು ಸೇರಿದಾಗ ಅದರ ಕವಚವನ್ನು ಪರೀಕ್ಷಿಸಿ, ಇನ್ನೂ ದೊಡ್ಡ ಫಿರಂಗಿ ಬೇಕೆಂದು ಮನಗಂಡರು. ಹೀಗೆ ಬಂದ 105 ಮಿ.ಮೀ.ನ ಎಲ್7 ಫಿರಂಗಿ, 20 ಪೌಂಡರ್ ಕುಳಿತಿದ್ದ ಜಾಗದಲ್ಲೇ ಕುಳಿತುಕೊಂಡಿತು. ಭಾರತದ ಸೇನೆಯಲ್ಲೂ ಸೆಂಚುರಿಯನ್ ಇತ್ತು. 1971ರ ಬಸಂತರ್ ಕಾಳಗದಲ್ಲಿ ಪರಮವೀರಚಕ್ರ ಪಡೆದ ಅರುಣ್ ಖೇತ್ರಪಾಲ್ ಕಾದಿದ್ದು ಅದರಲ್ಲೇ. ಎಲ್7 ಫಿರಂಗಿಯಾದರೋ ಚೆನ್ನೈ ಬಳಿಯ ಆವಡಿಯಲ್ಲಿ ತಯಾರಾದ ವಿಜಯಂತ ಟ್ಯಾಂಕಿಗೂ ಬಂತು.