ಎಲ್ಲರ ಮನೆಯಲ್ಲಿದ್ದದ್ದು ಈಗ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಹೊರಗೆ ಸಾಲಾಗಿ ನಿಂತಿರುವ ಹಳೆ ಕಾರುಗಳನ್ನು ನೋಡಿಕೊಂಡೇ ಒಳಗೆ ಬಂದಿದ್ದೀರಿ. ಕೆಲವರು ಇನ್ನೂ ಬಂದಿಲ್ಲ, ಬಾನೆಟ್ ಎತ್ತಿಸಿ ಇಂಜಿನ್ ನೋಡ್ತಾ ಇದ್ದಾರೆ. ನೋಡಲಿ ಬಿಡಿ. ಆ ಖುಷಿ ಎಂಥದ್ದು ಅಂತ ನಮಗೆಲ್ಲ ಗೊತ್ತಿದೆ.

ಹಳೆ ಸಿನಿಮಾ, ಹಳೆ ಟಿವಿ, ಹಳೆ ಕಾಮಿಕ್ಸ್, ಹಳೆ ಕಾರು, ಈ ನಾಲ್ಕರ ಬಗ್ಗೆ ಮಾತಾಡಿ ಅಂದಿದ್ದಾರೆ. ಆದರೆ ನನಗೆ ಹೇಳಬೇಕಾದ ಮಾತು ಒಂದೇ. ಎಲ್ಲರ ಮನೆಯಲ್ಲೂ ಇದ್ದ ವಸ್ತುವೇ ಮೊದಲು ಕಾಣೆಯಾಗುತ್ತದೆ. ಅಪರೂಪದ್ದನ್ನು ಜನ ಬೀರುವಿನಲ್ಲಿಟ್ಟು ಕಾಯುತ್ತಾರೆ. ಊರಿಗೆಲ್ಲ ಸಿಗುತ್ತಿದ್ದದ್ದನ್ನು ಯಾರೂ ಕಾಯುವುದಿಲ್ಲ. ಪಕ್ಕದ ಮನೆಯಲ್ಲಿ ಇದ್ದೇ ಇರುತ್ತೆ ಅಂದುಕೊಳ್ಳುತ್ತಾರೆ. ಪಕ್ಕದ ಮನೆಯವರೂ ಹಾಗೇ ಅಂದುಕೊಂಡಿರುತ್ತಾರೆ.

ನಮ್ಮ ಮೊದಲ ಟಾಕಿ ‘ಸತಿ ಸುಲೋಚನಾ’ವನ್ನೇ ತಗೊಳ್ಳಿ. 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ನಾಗೇಂದ್ರರಾಯರು ರಾವಣ. ಪರದೆಯ ಮೇಲೆ ಕನ್ನಡ ಮಾತಾಡಿದ್ದನ್ನು ಜನ ಮೊದಲ ಸಲ ಕೇಳಿದ್ದು ಅದರಲ್ಲಿ. ಈಗ ಅದರ ಒಂದು ಪ್ರಿಂಟ್ ಕೂಡ ನಮ್ಮ ಬಳಿ ಇಲ್ಲ. ಆಗಿನ ಫಿಲ್ಮ್ ನೈಟ್ರೇಟಿನದು, ಬೇಗ ಹಾಳಾಗುತ್ತಿತ್ತು, ಬೆಂಕಿಯನ್ನೂ ಹಿಡಿಯುತ್ತಿತ್ತು. ಅದು ಸಾಲದು ಅಂತ, ಓಡಿ ಮುಗಿದ ಎಷ್ಟೋ ಚಿತ್ರಗಳ ರೀಲನ್ನು ಬೆಳ್ಳಿಯ ಅಂಶ ತೆಗೆಯುವುದಕ್ಕೆ ಮಾರುತ್ತಿದ್ದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದು 1964ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಮೊದಲ ಟಾಕಿಗೆ ಮೂವತ್ತು ವರ್ಷ ತುಂಬಿತ್ತು.

ಇನ್ನು ಕಾಮಿಕ್ಸ್. ಅಮರ ಚಿತ್ರ ಕಥೆ ಕೂಡಿಸುತ್ತಿದ್ದವರು ಇಲ್ಲಿ ಜಾಸ್ತಿ ಇದ್ದೀರಿ ಅಂತ ಮುಖ ನೋಡಿದರೇ ಗೊತ್ತಾಗುತ್ತದೆ. ಅನಂತ ಪೈ ಅವರು ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. 1967ರಲ್ಲಿ ದೆಹಲಿಯ ಅಂಗಡಿಯೊಂದರ ಟಿವಿಯಲ್ಲಿ ಕ್ವಿಜ್ ನೋಡುತ್ತಿದ್ದರಂತೆ. ಅದರಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಸಲೀಸಾಗಿ ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಹೊಳೆಯಲಿಲ್ಲವಂತೆ. ಅದಕ್ಕೇ ಅವರು ಅಮರ ಚಿತ್ರ ಕಥೆ ಶುರು ಮಾಡಿದರು ಅನ್ನುವ ಈ ಕಥೆ ನಿಮಗೆಲ್ಲ ಬಾಯಿಪಾಠ. ಆದರೆ ಇದಕ್ಕೂ ಮುಂಚಿನ ಒಂದು ಕಥೆಯಿದೆ. ನೆನಪಿದೆಯಾ, ಆ ಸರಣಿಯಲ್ಲಿ ‘ಕೃಷ್ಣ’ ಪುಸ್ತಕದ ನಂಬರ್ 11. ಚಿಕ್ಕವರಿದ್ದಾಗ ಒಂದರಿಂದ ಹತ್ತು ಎಲ್ಲಿ ಅಂತ ಹುಡುಕಿ ಹುಡುಕಿ ಸುಸ್ತಾಗಿರುತ್ತೀರಿ. ಆ ಹತ್ತು ಪುಸ್ತಕಗಳು ಸಿಂಡರೆಲಾ, ಪಿನೋಕಿಯೋ ಥರದ ಹೊರದೇಶದ ಕಥೆಗಳು. ಬೆಂಗಳೂರಿನಲ್ಲಿ ಪುಸ್ತಕ ಮಾರಾಟದ ಕೆಲಸದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ 1965ರಲ್ಲಿ ಬಂದವು. ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ! ದೇಶದ ಮಕ್ಕಳೆಲ್ಲ ಓದಿದ ಅಮರ ಚಿತ್ರ ಕಥೆ ಮೊದಲು ಕಣ್ಣುಬಿಟ್ಟದ್ದು ಕನ್ನಡದಲ್ಲಿ. ಎದೆ ತಟ್ಟಿಕೊಂಡು ಹೇಳುವ ವಿಷಯ ಇದು. ಸರಿ, ಆ ಹತ್ತು ಕನ್ನಡ ಪುಸ್ತಕಗಳನ್ನು ನಿಮ್ಮಲ್ಲಿ ಎಷ್ಟು ಜನ ಕೈಯಲ್ಲಿ ಹಿಡಿದಿದ್ದೀರಿ? ಕೈ ಎತ್ತಿ.

ಯಾರೂ ಇಲ್ಲ. ನೋಡಿದಿರಾ?

1949ರಿಂದ ಕನ್ನಡದಲ್ಲಿ ಬಂದ ಚಂದಮಾಮದ್ದೂ ಇದೇ ಪಾಡು. ಬೇತಾಳನನ್ನು ಹೆಗಲ ಮೇಲೆ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನ ಆ ಚಿತ್ರ ಕಣ್ಣು ಮುಚ್ಚಿದರೂ ಕಾಣುತ್ತದೆ. ಆ ಕಾಗದ ಮಾತ್ರ ರದ್ದಿಗೆ ಹೋಯಿತು.

ಟಿವಿಗೆ ಬರೋಣ. ನಾನು ‘ಮಾಲ್ಗುಡಿ ಡೇಸ್’ ಒಂದರ ಬಗ್ಗೆಯೇ ಹೇಳುತ್ತೇನೆ. ರಾಮಾಯಣ, ಮಹಾಭಾರತದ ಭಾನುವಾರಗಳ ಬಗ್ಗೆ ಎಲ್ಲರೂ ಹೇಳಿ ಆಗಿದೆ. ಮಾಲ್ಗುಡಿ ಅಂದರೆ ಆರ್.ಕೆ. ನಾರಾಯಣ್ ಅವರ ಕಥೆಗಳಲ್ಲಿ ಬರುವ ಕಲ್ಪನೆಯ ಊರು. 1986ರಲ್ಲಿ ಶಂಕರ್ ನಾಗ್ ಆಗುಂಬೆಯನ್ನು ಆ ಮಾಲ್ಗುಡಿ ಮಾಡಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳು, ಎಲ್. ವೈದ್ಯನಾಥನ್ ಅವರ ಆ ರಾಗ. ಮಾತು ಹಿಂದಿಯಲ್ಲಿದ್ದರೂ ಆ ಜಗಲಿ, ಆ ಹೆಂಚು, ಆ ಮಳೆ ನಮ್ಮವು. ಅವಸರವೇ ಇಲ್ಲದೆ ಕಥೆ ಹೇಳುವ ಆ ಹದ ಇವತ್ತಿನ ಯಾವ ಧಾರಾವಾಹಿಯಲ್ಲೂ ನನಗೆ ಸಿಕ್ಕಿಲ್ಲ. ಶಂಕರ್ ನಾಗ್ 35ನೇ ವಯಸ್ಸಿಗೇ, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಇವತ್ತಿಗೂ ಆಟೋಗಳ ಮೇಲೆ ಅವರ ಮುಖ ಇದೆ. ಅದು ಜನರೇ ಇಟ್ಟುಕೊಂಡ ಸ್ಮಾರಕ.

ಆಗುಂಬೆ ಅಂದ ಮೇಲೆ ನಮ್ಮ ಸೋದರಮಾವನ ಕಾರಿನ ವಿಷಯ ಹೇಳಲೇಬೇಕು. ಬೂದು ಬಣ್ಣದ ಪ್ರೀಮಿಯರ್ ಪದ್ಮಿನಿ. ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇದ್ದದ್ದರಿಂದ ಮುಂದಿನ ಸೀಟು ಒಂದೇ ಉದ್ದದ ಬೆಂಚು. ಮುಂದೆ ಮೂರು ಜನ ಕೂರಬಹುದು. ಮಕ್ಕಳಾದರೆ ನಾಲ್ಕು. ಹಿಂದೆ ಎಷ್ಟು ಜನ ಅಂತ ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಉಡುಪಿಯಿಂದ ಶಿವಮೊಗ್ಗಕ್ಕೆ ಹೊರಟರೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವನ್ನೂ ನಾವು ಜೋರಾಗಿ ಎಣಿಸಬೇಕು, ಅದು ಮಾವನ ಅಪ್ಪಣೆ. ಎಣಿಕೆ ತಪ್ಪಿದರೆ “ಇಳಿದು ಕೆಳಗಿಂದ ನಡ್ಕೊಂಡು ಬನ್ನಿ” ಅಂತ ಗದರಿಸುತ್ತಿದ್ದರು. ನಮ್ಮಕ್ಕ ಒಂದು ಸಲ ಹನ್ನೆರಡರ ಹತ್ತಿರ ನಿದ್ದೆ ಹೋದಳು. ಅವಳನ್ನು ಎಬ್ಬಿಸಿ, ಮೇಲೆ ಹೋದ ಮೇಲೆ ಸೂರ್ಯಾಸ್ತದ ಕಟ್ಟೆಯ ಹತ್ತಿರ ನಿಲ್ಲಿಸಿ, ಉಳಿದದ್ದನ್ನು ಎಣಿಸಿಸಿಯೇ ಮುಂದೆ ಹೊರಟಿದ್ದು! ಅತ್ತೆ ಚಕ್ಕುಲಿ ಡಬ್ಬಿ ತೆಗೆಯುತ್ತಿದ್ದದ್ದೂ ಅಲ್ಲೇ. ನನ್ನ ತೊಡೆಯ ಮೇಲೆ ಯಾವುದೋ ಒಂದು ಕಾಮಿಕ್ಸ್ ಇದ್ದೇ ಇರುತ್ತಿತ್ತು. ಘಾಟಿಯಲ್ಲಿ ಓದಿದರೆ ತಲೆ ಸುತ್ತುತ್ತದೆ ಅಂತ ಗೊತ್ತಿದ್ದರೂ ಮುಚ್ಚಲು ಮನಸ್ಸು ಬರುತ್ತಿರಲಿಲ್ಲ.

ಆ ಕಾರು ಕೊನೆಗೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಮಾವನಿಗೆ ಪ್ರೀತಿ ಇರಲಿಲ್ಲ ಅಂತಲ್ಲ. “ಊರ ತುಂಬ ಇದೇ ಗಾಡಿ ಇದೆ ಮಾರಾಯ, ಇದೊಂದನ್ನ ಇಟ್ಕೊಂಡು ಏನ್ ಮಾಡ್ಲಿ?” ಅಂದಿದ್ದರು. ನಾನು ಆಗಲೇ ಹೇಳಿದ್ದು ಇದನ್ನೇ ಅಲ್ವಾ? ಮುಂಬೈಯ ರಸ್ತೆಗಳಲ್ಲಿ ಎಲ್ಲಿ ನೋಡಿದರೂ ಪದ್ಮಿನಿ ಟ್ಯಾಕ್ಸಿಗಳಿದ್ದವು. 2023ರ ಅಕ್ಟೋಬರ್ ಮುಗಿಯುವಷ್ಟರಲ್ಲಿ ಕೊನೆಯದೂ ರಸ್ತೆ ಬಿಟ್ಟಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಅದೇ ವರ್ಷ ಮುಗಿಯಿತು. ಮಧ್ಯಮವರ್ಗದವರ ಮನೆ ಮುಂದೆ ನಿಂತಿದ್ದ ಎರಡು ಗಾಡಿಗಳು ಒಂದೇ ವರ್ಷ ಕಥೆ ಮುಗಿಸಿದವು.

ಇಲ್ಲಿ ಕಾನೂನಿನ ಒಂದು ವಿಷಯ ಹೇಳಬೇಕು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಂತ ಬರುತ್ತದೆ. ಒಳ್ಳೆಯ ಕೆಲಸ. ಆದರೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. 1985ರ ಪದ್ಮಿನಿಗೆ ಆ ಗೌರವ 2035ಕ್ಕೆ ಮುಂಚೆ ಸಿಗದು. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ತಪಾಸಣೆ, ಮರುನೋಂದಣಿ, ತೆರಿಗೆ. ಅಷ್ಟು ಕಾಲ ಯಾರು ಕಾಯುತ್ತಾರೆ? ಮೂವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಸಾಮಾನ್ಯ ಗಾಡಿಗೂ ಒಂದು ದಾರಿ ಮಾಡಿಕೊಡಿ ಅಂತ ನಾವು ಕೇಳಬೇಕು. ಗಟ್ಟಿಯಾಗಿ ಕೇಳಬೇಕು.

ಚೀಟಿ ಬಂತು, ಹತ್ತು ನಿಮಿಷ ಅಂತೆ. ಸಿನಿಮಾ ಬಗ್ಗೆ ಇನ್ನೂ ಬಹಳ ಇತ್ತು. 1968ರ ‘ಜೇಡರ ಬಲೆ’ಯಲ್ಲಿ ರಾಜಕುಮಾರ್ ಸಿ.ಐ.ಡಿ. 999 ಆಗಿ ಬರುವ ಠೀವಿ ನನಗೆ ಇವತ್ತಿನ ಎಷ್ಟೋ ಥ್ರಿಲ್ಲರ್‌ಗಳಿಗಿಂತ ಇಷ್ಟ. ಕಾರು ಕಳ್ಳರ ಕಥೆಯ ‘ಮಿಂಚಿನ ಓಟ’ 1980ರದ್ದು. ಅದನ್ನು ಇನ್ನೊಂದು ಸಲ ನೋಡಿ, ಈ ಸಲ ಹಿನ್ನೆಲೆಯ ರಸ್ತೆ ನೋಡಿ. ಆಗಿನ ಗಾಡಿಗಳು, ಬೋರ್ಡುಗಳು, ಜನರ ಉಡುಪು ಎಲ್ಲ ಅಲ್ಲಿವೆ. ಗುಜರಿಗೆ ಹೋದ ಕಾರು ಸಿನಿಮಾದೊಳಗೆ ಇನ್ನೂ ಓಡುತ್ತಿದೆ. ಆ ಸಿನಿಮಾವೂ ಹೋದರೆ ಎರಡೂ ಹೋದವು. ಒಳ್ಳೆಯ ಸುದ್ದಿಯೂ ಇದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ಹೊಸದಾಗಿ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು. ಸಂತೋಷ. ಆದರೆ ಹಾಗೆ ಕಾಯುವವರು ನಮ್ಮ ಜನಪ್ರಿಯ ಚಿತ್ರಗಳಿಗೂ ಬೇಕು. ಮನೆಮಂದಿಯೆಲ್ಲ ಟೆಂಟಿಗೆ ಹೋಗಿ ನೋಡಿದ ಚಿತ್ರಗಳಿಗೂ ಬೇಕು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ವಿಡಿಯೋ ಕ್ಯಾಸೆಟ್ ಇದ್ದರೆ ನಿಲ್ಲಿಸಿ ಇಡಿ, ಮಲಗಿಸಬೇಡಿ. ಮಲೆನಾಡಿನ ಮಳೆಗೆ ಟೇಪಿನ ಮೇಲೆ ಬೂಷ್ಟು ಬರುತ್ತದೆ. ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಲೇಬೇಡಿ, ಗೊತ್ತಿದ್ದವರಿಂದ ಶುಚಿ ಮಾಡಿಸಿ ಡಿಜಿಟಲ್ ಮಾಡಿಸಿ. ಕಾಮಿಕ್ಸ್‌ನ ಪಿನ್ನು ತುಕ್ಕು ಹಿಡಿದಿದ್ದರೆ ಮೆಲ್ಲಗೆ ಬಿಡಿಸಿ. ಹರಿದ ಪುಟಕ್ಕೆ ಸೆಲೋಟೇಪ್ ಅಂಟಿಸಬೇಡಿ, ಅದರ ಅಂಟು ಕಾಗದವನ್ನೇ ತಿನ್ನುತ್ತದೆ. ಬಿಸಿಲಿಗೆ ಇಡಬೇಡಿ.

ಬಾಗಿಲ ಬಳಿ ಒಂದು ನೋಟ್ ಪುಸ್ತಕ ಇಟ್ಟಿದ್ದಾರೆ. 1965ರ ಆ ಹತ್ತು ಕನ್ನಡ ಪುಸ್ತಕಗಳಲ್ಲಿ ಒಂದಾದರೂ ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕರೆ, ಹಳೆಯ ಚಂದಮಾಮದ ಕಟ್ಟು ಇದ್ದರೆ, ಆಗಿನ ದೂರದರ್ಶನದ ರೆಕಾರ್ಡಿಂಗ್ ಇದ್ದರೆ, ಅದರಲ್ಲಿ ಬರೆದು ಹೋಗಿ. ಕೊಡಬೇಕಾಗಿಲ್ಲ, ಸ್ಕ್ಯಾನ್ ಮಾಡಿಸಿ ವಾಪಸ್ ಕೊಡುತ್ತಾರೆ. ಪ್ರಶ್ನೆ ಇದ್ದವರು ಹೊರಗೆ ಅಂಬಾಸಿಡರ್ ಹತ್ತಿರ ಸಿಗಿ, ಅಲ್ಲೇ ಇರುತ್ತೇನೆ. ನಮಸ್ಕಾರ.