ಮುಡಿಪಾಗಿಟ್ಟ ಹಣ: ಆರ್ಥಿಕ ಹಿಂಜರಿತದ ನಂತರದ ಫ್ರೀಮಾಂಟ್ ನಗರ

ಮಾನ್ಯರೇ,

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಈ ಸಭೆಯಲ್ಲಿರುವ ಹಲವರಿಗೆ ಅಪರಿಚಿತ ಊರೇನಲ್ಲ. ಸಿಲಿಕಾನ್ ಕಣಿವೆಯಲ್ಲಿ ದುಡಿಯುವ ಅನೇಕ ಕನ್ನಡಿಗರು ಅಲ್ಲಿ ನೆಲೆಸಿದ್ದಾರೆ. ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ಹೋಗಿ ಆರು ತಿಂಗಳು ಇದ್ದು ಬಂದವರು ನಿಮ್ಮಲ್ಲಿಯೂ ಇರಬಹುದು. 1956ರಲ್ಲಿ ಸೆಂಟರ್‌ವಿಲ್, ನೈಲ್ಸ್, ಇರ್ವಿಂಗ್ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಸಣ್ಣ ಊರುಗಳು ಕೂಡಿ ಒಂದು ನಗರವಾದವು. ಇವುಗಳಲ್ಲಿ ಇರ್ವಿಂಗ್ಟನ್ ಮತ್ತು ವಾರ್ಮ್ ಸ್ಪ್ರಿಂಗ್ಸ್ ಎಂಬ ಎರಡು ಹೆಸರುಗಳನ್ನು ದಯವಿಟ್ಟು ನೆನಪಿನಲ್ಲಿಡಿ; ಇಂದಿನ ನನ್ನ ಮಾತೆಲ್ಲ ಈ ಎರಡು ಜಾಗಗಳಿಗೆ ಒದಗಿದ ಬೇರೆಬೇರೆ ಗತಿಯ ಕುರಿತಾದದ್ದು.

2008ರ ಹಿಂಜರಿತ ಫ್ರೀಮಾಂಟಿಗೆ ತಟ್ಟಿದ ಬಗೆಯನ್ನು ಮೊದಲು ನೋಡೋಣ. ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಕಂಪನಿಗಳು ಕೂಡಿ 1984ರಿಂದ ನಡೆಸುತ್ತಿದ್ದ ನುಮ್ಮಿ ಕಾರು ಕಾರ್ಖಾನೆಯಿಂದ, 2009ರಲ್ಲಿ ದಿವಾಳಿಯಾದ ಜನರಲ್ ಮೋಟಾರ್ಸ್ ಹಿಂದೆ ಸರಿಯಿತು. ಟೊಯೋಟಾ ಒಂಟಿಯಾಗಿ ನಡೆಸಲು ಒಪ್ಪಲಿಲ್ಲ. 2010ರ ಏಪ್ರಿಲ್ 1ರಂದು ಕಾರ್ಖಾನೆ ಮುಚ್ಚಿ ಸುಮಾರು 4,700 ಜನ ಕೆಲಸ ಕಳೆದುಕೊಂಡರು. ಮುಂದಿನ ತಿಂಗಳೇ ಟೆಸ್ಲಾ ಎಂಬ, ಆಗಿನ್ನೂ ಷೇರುಪೇಟೆಗೂ ಬಾರದಿದ್ದ ಪುಟ್ಟ ಕಂಪನಿ ಕಾರ್ಖಾನೆಯನ್ನು 4.2 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಫ್ರೀಮಾಂಟ್ ಚೇತರಿಸಿಕೊಂಡ ಕಥೆಯನ್ನು ಹೇಳುವವರು ಬಹುಪಾಲು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನಗದು ಸಮಾಧಾನ ತರುವುದಿಲ್ಲ. ಟೆಸ್ಲಾ ಬಂದದ್ದು ಬಹುಮಟ್ಟಿಗೆ ಅದೃಷ್ಟ; ಅದೇ ನಗರದಲ್ಲಿ, 53.5 ಕೋಟಿ ಡಾಲರ್ ಸಾಲಕ್ಕೆ ಒಕ್ಕೂಟ ಸರ್ಕಾರದ ಖಾತರಿ ಪಡೆದಿದ್ದ ಸೋಲಿಂಡ್ರಾ ಎಂಬ ಸೌರಫಲಕದ ಕಂಪನಿ 2011ರಲ್ಲಿ ದಿವಾಳಿಯೆದ್ದು ಸುಮಾರು 1,100 ಜನರನ್ನು ಮನೆಗೆ ಕಳುಹಿಸಿತು. ಎರಡರಲ್ಲಿ ಯಾವುದು ಉಳಿಯುತ್ತದೆಂದು ಯಾವ ನಗರಸಭೆಯೂ ಮುಂಚಿತವಾಗಿ ಹೇಳಲಾರದು. ನಗರಸಭೆಯ ಕೈಯಲ್ಲಿರುವುದು ರಸ್ತೆ, ರೈಲು, ನೀರು, ಜಾಗದ ಬಳಕೆ. ಅವುಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದು ನಿಜವಾದ ಪ್ರಶ್ನೆ.

ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಶ್ನೆ ಇನ್ನಷ್ಟು ಬಿಗಿಯಾದದ್ದು. 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನಿನ ಪ್ರಕಾರ ಆಸ್ತಿ ತೆರಿಗೆಯ ಮೂಲ ದರ ಶೇ. 1ನ್ನು ಮೀರುವಂತಿಲ್ಲ, ಆಸ್ತಿ ಕೈ ಬದಲಾಗದ ಹೊರತು ಅದರ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹೀಗೆ ಬಂದ ತೆರಿಗೆಯೂ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ), ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಗಳ ನಡುವೆ ಹಂಚಿಹೋಗಿ ನಗರಕ್ಕೆ ದಕ್ಕುವುದು ಒಂದು ಪಾಲು ಮಾತ್ರ. ಗೊತ್ತಾದ ಒಂದು ಕೆಲಸಕ್ಕೆಂದು ನಗರಸಭೆಯೋ ಕೌಂಟಿಯೋ ವಿಶೇಷ ತೆರಿಗೆಯನ್ನು ಮತಕ್ಕಿಟ್ಟರೆ ಮತದಾರರಲ್ಲಿ ಮೂರನೆಯ ಎರಡು ಭಾಗದ ಒಪ್ಪಿಗೆ ಬೇಕು.

ಈ ಇಕ್ಕಟ್ಟಿನಿಂದ ಪಾರಾಗಲು ನಗರಗಳು ಹಿಡಿದಿದ್ದ ದಾರಿ ಪುನರಭಿವೃದ್ಧಿ ಏಜೆನ್ಸಿ. ಅದರ ಲೆಕ್ಕ ಸರಳ. ನಗರವು ಒಂದು ಪ್ರದೇಶವನ್ನು ಗುರುತಿಸಿ, ಆ ವರ್ಷ ಅಲ್ಲಿಂದ ಬರುತ್ತಿದ್ದ ಆಸ್ತಿ ತೆರಿಗೆಯನ್ನು ಮೂಲ ಮೊತ್ತವೆಂದು ಇಟ್ಟುಕೊಳ್ಳುತ್ತದೆ. ಮುಂದೆ ಜಾಗದ ಬೆಲೆ ಏರಿ ತೆರಿಗೆ ಹೆಚ್ಚಿದಂತೆ, ಆ ಹೆಚ್ಚುವರಿಯ ಬಹುಭಾಗ ಏಜೆನ್ಸಿಗೆ ಸೇರುತ್ತದೆ, ಅದನ್ನು ತೋರಿಸಿ ಬಾಂಡ್ ಮಾರಿ ಇಂದೇ ಕೆಲಸ ಮಾಡಿಸಬಹುದು. ನಾಳೆಯ ಫಸಲಿನ ಮೇಲೆ ಇಂದು ಸಾಲ ಎತ್ತಿದಂತೆ. ಆದರೆ ಆ ಹೆಚ್ಚುವರಿಯಲ್ಲಿ ಶಾಲೆಗಳ ಪಾಲೂ ಇತ್ತು. ಅದನ್ನು ತುಂಬಿಕೊಡುವ ಹೊರೆ ರಾಜ್ಯದ ಬೊಕ್ಕಸದ ಮೇಲೆ ಬೀಳುತ್ತಿತ್ತು. 2011ರ ಆರಂಭದಲ್ಲಿ ಸುಮಾರು 2,500 ಕೋಟಿ ಡಾಲರ್ ಕೊರತೆಯನ್ನು ಎದುರಿಸುತ್ತಿದ್ದ ಗವರ್ನರ್ ಜೆರ್ರಿ ಬ್ರೌನ್ ಈ ಏಜೆನ್ಸಿಗಳನ್ನೇ ರದ್ದುಪಡಿಸಲು ಮುಂದಾದರು. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2012ರ ಫೆಬ್ರವರಿ 1ರಂದು ಸುಮಾರು 400 ಏಜೆನ್ಸಿಗಳು ಒಂದೇ ದಿನ ಇಲ್ಲವಾದವು. ಏಜೆನ್ಸಿಗಳ ದುಂದುಗಾರಿಕೆಯ ಬಗ್ಗೆ ಬ್ರೌನ್ ಹೇಳಿದ್ದರಲ್ಲಿ ಸತ್ಯವಿತ್ತು ಎಂದೇ ನಾನು ತಿಳಿದಿದ್ದೇನೆ, ಆದರೆ ಹಿಂಜರಿತದ ಪೆಟ್ಟು ಇನ್ನೂ ಮಾಯದಿರುವಾಗಲೇ ಅವನ್ನು ಕಿತ್ತುಹಾಕಿದ್ದು ನಗರಗಳನ್ನು ಬರಿಗೈ ಮಾಡಿತು.

ಈಗ ಆ ಎರಡು ಜಾಗಗಳಿಗೆ ಬರೋಣ. ಬಾರ್ಟ್ ಎಂಬ ಪ್ರಾದೇಶಿಕ ರೈಲು 1972ರಲ್ಲಿ ಫ್ರೀಮಾಂಟಿನವರೆಗೆ ಬಂದು ನಿಂತಿತ್ತು. ಅದನ್ನು ದಕ್ಷಿಣಕ್ಕೆ 5.4 ಮೈಲಿ ಮುಂದುವರಿಸಿ ಕಾರು ಕಾರ್ಖಾನೆಯ ಪಕ್ಕದ ವಾರ್ಮ್ ಸ್ಪ್ರಿಂಗ್ಸಿಗೆ ಒಯ್ಯುವುದು, ನಡುವೆ ಇರ್ವಿಂಗ್ಟನ್ನಿನಲ್ಲಿ ಒಂದು ನಿಲ್ದಾಣ ಕಟ್ಟುವುದು ಯೋಜನೆ. ರೈಲುಮಾರ್ಗಕ್ಕೂ ವಾರ್ಮ್ ಸ್ಪ್ರಿಂಗ್ಸ್ ನಿಲ್ದಾಣಕ್ಕೂ ಹಣದ ಒಂದು ಮುಖ್ಯ ಮೂಲ, ಫ್ರೀಮಾಂಟ್ ಸೇರಿರುವ ಅಲಮೀಡಾ ಕೌಂಟಿಯ ಮತದಾರರು 2000ದಲ್ಲಿ, ಅಂದರೆ ಹಿಂಜರಿತಕ್ಕೆ ಎಂಟು ವರ್ಷ ಮೊದಲೇ, ಸಾರಿಗೆಗೆಂದು ಮುಡಿಪಾಗಿಟ್ಟ, ಡಾಲರಿಗೆ ಅರ್ಧ ಸೆಂಟಿನ ಮಾರಾಟ ತೆರಿಗೆ. ಸೇತುವೆ ಸುಂಕ, ರಾಜ್ಯದ ಹಣ ಅದಕ್ಕೆ ಕೂಡಿಕೊಂಡವು. ಇರ್ವಿಂಗ್ಟನ್ ನಿಲ್ದಾಣ ಮಾತ್ರ ನಗರದ ಹೊಣೆ, ಅದರ ವೆಚ್ಚ ಪುನರಭಿವೃದ್ಧಿ ಏಜೆನ್ಸಿಯಿಂದ ಬರಬೇಕಿತ್ತು.

ಪರಿಣಾಮವನ್ನು ನೀವೇ ಊಹಿಸಬಲ್ಲಿರಿ. ನುಮ್ಮಿ ಬಾಗಿಲು ಹಾಕುತ್ತಿದ್ದ ದಿನಗಳಲ್ಲೇ ದಾರಿಯಲ್ಲಿದ್ದ ಎಲಿಜಬೆತ್ ಕೆರೆಯ ಅಡಿಯಲ್ಲಿ ಈ ರೈಲಿಗಾಗಿ ಸುರಂಗದ ಕೆಲಸ ನಡೆದಿತ್ತು. ಬೇರೆ ಕೆಲಸವಿಲ್ಲದ ಗುತ್ತಿಗೆದಾರರು ಅಂದಾಜಿಗಿಂತ ಬಹಳ ಕಡಿಮೆಗೆ ಟೆಂಡರ್ ಹಾಕಿದ್ದರು. ಹಿಂಜರಿತದಲ್ಲಿ ಮಾರಾಟ ತೆರಿಗೆಯ ಆದಾಯವೂ ಇಳಿಯುತ್ತದೆ, ನಿಜ. ಆದರೆ ಮತದಾರರು ಒಂದು ಕೆಲಸಕ್ಕೆಂದೇ ಕಟ್ಟಿಟ್ಟ ಹಣಕ್ಕೆ ರಾಜ್ಯ ಕೈಹಾಕಲಾರದು. ಒಟ್ಟು 89 ಕೋಟಿ ಡಾಲರಿನ ಅಂದಾಜಿನ ಈ ಮಾರ್ಗ 2017ರ ಮಾರ್ಚ್ 25ರಂದು ತೆರೆಯಿತು. ನಗರ ಸುಮ್ಮನೆ ಕಾಯುತ್ತ ಕೂರಲಿಲ್ಲ ಎಂಬುದನ್ನೂ ಹೇಳಬೇಕು: ಕಾಗದದ ಮೇಲಿನ ಕೆಲಸಕ್ಕೆ ಹೆಚ್ಚು ಹಣ ಬೇಡವಲ್ಲ, 2014ರ ಜುಲೈನಲ್ಲಿ ನಿಲ್ದಾಣದ ಸುತ್ತಲಿನ 879 ಎಕರೆಗೆ 4,000 ಮನೆಗಳು ಮತ್ತು 20,000 ಉದ್ಯೋಗಗಳ ಯೋಜನೆಯನ್ನು ಅದು ಅಂಗೀಕರಿಸಿತು. ಅದರಿಂದಾಗಿ ಮನೆ ಕಟ್ಟಲು ಬಂದ ಕಂಪನಿಗಳ ಮುಂದೆ ರಸ್ತೆ, ಉದ್ಯಾನ, ಶಾಲೆಗಳ ಬೇಡಿಕೆಯನ್ನು ಇಡಲು ನಗರಕ್ಕೆ ಒಂದು ಆಧಾರ ಸಿಕ್ಕಿತು.

ಇರ್ವಿಂಗ್ಟನ್ನಿನ ಹಣ ಏಜೆನ್ಸಿಯೊಡನೆ ಹೋಯಿತು. ಅದೇ 2012ರ ನವೆಂಬರಿನಲ್ಲಿ ಕೌಂಟಿಯು ಮಾರಾಟ ತೆರಿಗೆಯನ್ನು ಹೆಚ್ಚಿಸುವ, ಆ ನಿಲ್ದಾಣಕ್ಕೂ ಪಾಲು ಕೊಡುವ ಪ್ರಸ್ತಾವವನ್ನು ಮತಕ್ಕಿಟ್ಟಿತು. ಬೇಕಾಗಿದ್ದದ್ದು ಶೇ. 66.67, ಬಂದದ್ದು ಶೇ. 66.53. ಲಕ್ಷಗಟ್ಟಲೆ ಮತಗಳಲ್ಲಿ ಕೊರತೆಯಾದದ್ದು ಏಳುನೂರು ಚಿಲ್ಲರೆ. ಎರಡು ವರ್ಷ ಕಾದು 2014ರಲ್ಲಿ ಮತ್ತೆ ಕೇಳಿದಾಗ ಶೇ. 70ಕ್ಕೂ ಹೆಚ್ಚು ಮತದಾರರು ಒಪ್ಪಿದರು, ಇರ್ವಿಂಗ್ಟನ್ನಿಗೆ 12 ಕೋಟಿ ಡಾಲರ್ ಗೊತ್ತಾಯಿತು. ಅಷ್ಟು ಹೊತ್ತಿಗೆ ಗುತ್ತಿಗೆದಾರರು ಅಗ್ಗಕ್ಕೆ ಟೆಂಡರ್ ಹಾಕುತ್ತಿದ್ದ ಕಾಲ ಮುಗಿದಿತ್ತು. 2017ರಿಂದ ವಾರ್ಮ್ ಸ್ಪ್ರಿಂಗ್ಸಿನ ರೈಲುಗಳು ದಿನವೂ ಇರ್ವಿಂಗ್ಟನ್ನಿನ ಮೂಲಕವೇ ಓಡಾಡುತ್ತಿವೆ. ಅಲ್ಲಿಯ ಜನರು ಹತ್ತಲು ಇನ್ನೂ ನಿಲ್ದಾಣವಿಲ್ಲ.